ಹಳೆಯ ಮಂಜಿಯ ಆಳಮಾಪಕ: ಗುರುತಿಸಿ ಬದಲಿಸುವುದು ಹೇಗೆ?

ನಮ್ಮ ಚಂದಕವಾಡಿ ಕಡೆ ಆಳ ಎಂದ ಕೂಡಲೇ ಬೋರ್‌ವೆಲ್ ನೆನಪಾಗುತ್ತದೆ. "ಎಷ್ಟು ಅಡಿಗೆ ನೀರು ಸಿಕ್ಕಿತು?" ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಸಮುದ್ರದ ಮೇಲೆ ದುಡಿಯುವವರ ಪ್ರಶ್ನೆ ಇದಕ್ಕೆ ತಿರುಗುಮುರುಗು. ಅವರ ಸುತ್ತ ಬೇಕಾದಷ್ಟು ನೀರಿದೆ. ನೆಲ ಎಷ್ಟು ಕೆಳಗಿದೆ ಎಂಬುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದನ್ನು ತಿಳಿಯದೆ ಮುಂದೆ ಹೋದರೆ ಹಡಗಿನ ತಳ ಮರಳಿಗೋ ಬಂಡೆಗೋ ತಾಗುತ್ತದೆ. ನೀರಿನ ಆಳ ಹೇಳುವ ಯಂತ್ರಕ್ಕೆ ಎಕೋ ಸೌಂಡರ್ ಎನ್ನುತ್ತಾರೆ. ಈ ಲೇಖನದಲ್ಲಿ ನಾನು ಅದನ್ನು ಆಳಮಾಪಕ ಎಂದು ಕರೆಯುತ್ತೇನೆ. ನಾವು ತರಗತಿಯಲ್ಲಿ ಓದುವ ಪ್ರತಿಧ್ವನಿ, ಅನುರಣನ, ಶೂನ್ಯ ದೋಷ ಇವೆಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಸಿಗುವುದು ಇಲ್ಲಿ. ಆದ್ದರಿಂದ ಸಮುದ್ರದಿಂದ ದೂರವಿರುವ ನಮಗೂ ಇದು ತಿಳಿಯಬೇಕಾದ ವಿಷಯ ಎಂದು ಬರೆಯುತ್ತಿದ್ದೇನೆ.

ಮಂಜಿ ಎಂದರೇನು?

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಮರದ ಹಡಗುಗಳನ್ನು ಮಂಜಿ ಎನ್ನುತ್ತಾರೆ. ಹಿಂದೆ ಇವು ಹಾಯಿ ಕಟ್ಟಿಕೊಂಡು ಗಾಳಿಯ ಬಲದಿಂದಲೇ ಹೋಗುತ್ತಿದ್ದವು. ಈಗ ಡೀಸೆಲ್ ಎಂಜಿನ್ ಇದೆ. ಆದರೂ ಸರ್ಕಾರಿ ದಾಖಲೆಗಳಲ್ಲಿ ಇವುಗಳ ವರ್ಗ ಇಂದಿಗೂ "ಯಾಂತ್ರೀಕೃತ ಹಾಯಿಹಡಗು" ಎಂದೇ ಇದೆ. ಸಿಮೆಂಟು, ಜಲ್ಲಿ, ಕಬ್ಬಿಣ, ಅಕ್ಕಿ, ತರಕಾರಿ ಹೀಗೆ ದ್ವೀಪದವರಿಗೆ ಬೇಕಾದ ಎಷ್ಟೋ ವಸ್ತುಗಳು ಇವುಗಳಲ್ಲಿ ಹೋಗುತ್ತವೆ. ಮಂಗಳೂರಿನಿಂದ ಕವರತ್ತಿ ದ್ವೀಪಕ್ಕೆ ನೇರ ದೂರ ಸುಮಾರು 350 ಕಿಲೋಮೀಟರ್. ಮಳೆಗಾಲದಲ್ಲಿ ಸಮುದ್ರ ಒರಟಾಗಿರುವುದರಿಂದ ಮಂಜಿಗಳ ಓಡಾಟ ನಿಲ್ಲುತ್ತದೆ. ದುರಸ್ತಿ ಕೆಲಸಗಳೆಲ್ಲ ಆಗುವುದು ಆಗಲೇ.

ನನ್ನ ತಾಯಿಯ ಅಣ್ಣ ಬಹಳ ವರ್ಷಗಳಿಂದ ಮಂಗಳೂರಿನ ಬಂದರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದಾರೆ. ಮಾಮು ಮತ್ತು ಅವರ ಇಬ್ಬರು ಪಾಲುದಾರರು ಸೇರಿ ಒಂದು ಹಳೆಯ ಮಂಜಿಯನ್ನು ಕೊಂಡರು. ನನ್ನ ಪ್ರಥಮ ಪಿಯುಸಿ ಪರೀಕ್ಷೆ ಮುಗಿದು ಬೇಸಿಗೆ ರಜೆ ನಡೆಯುತ್ತಿತ್ತು. "ಫಿಸಿಕ್ಸ್ ಓದ್ತಾ ಇದ್ದೀಯಲ್ಲ, ಬಾ, ನಮ್ಮ ಆಳದ ಮೆಷಿನ್ ನೋಡು" ಎಂದು ಮಾಮು ಕರೆದರು. ಅಲ್ಲಿ ಮೆಕ್ಯಾನಿಕ್ ಮತ್ತು ಹಡಗು ನಡೆಸುವ ತಂಡೇಲರ ಜೊತೆಯಲ್ಲಿ ನಿಂತು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮಂಜಿಗೆ ಆಳದ ಭಯ ಎರಡು ಕಡೆ. ಒಂದು, ಮಂಗಳೂರಿನ ಅಳಿವೆ ಬಾಗಿಲು. ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುವ ಜಾಗ ಅದು. ನದಿ ತರುವ ಹೂಳು ಮತ್ತು ಸಮುದ್ರ ತಳ್ಳುವ ಮರಳು ಅಲ್ಲಿ ದಿಬ್ಬ ಕಟ್ಟುತ್ತವೆ. ಕಳೆದ ವರ್ಷ ಇದ್ದ ಆಳ ಈ ವರ್ಷ ಇರುತ್ತದೆ ಎನ್ನುವ ಹಾಗಿಲ್ಲ. ಇನ್ನೊಂದು, ದ್ವೀಪಗಳ ಸುತ್ತಲಿನ ಹವಳದ ದಿಬ್ಬ. ಅದರ ನಡುವಿನ ಕಿರಿದಾದ ಬಾಯಿಯಿಂದ ಒಳಗಿನ ತಿಳಿನೀರಿಗೆ ಹೋಗಬೇಕು. ಮರಳಿಗೆ ತಾಗಿದರೆ ಮುಂದಿನ ಭರತದವರೆಗೆ ಕಾದು ಬಿಡಿಸಿಕೊಳ್ಳಬಹುದು. ಹವಳಕ್ಕೆ ತಾಗಿದರೆ ಮರದ ಹಲಗೆ ಸೀಳುತ್ತದೆ. ಹಡಗು, ಸರಕು, ಅದರಲ್ಲಿರುವ ಜನ, ಎಲ್ಲವೂ ಆ ಚಿಕ್ಕ ಪರದೆಯ ಮೇಲಿನ ಅಂಕಿಯನ್ನು ನಂಬಿಕೊಂಡಿರುತ್ತವೆ.

ಯಂತ್ರ ಅಳೆಯುವುದು ಆಳವನ್ನಲ್ಲ

ಆಳಮಾಪಕ ನಿಜವಾಗಿ ಅಳೆಯುವುದು ಸಮಯವನ್ನು. ಇದು ಈ ಲೇಖನದ ಮುಖ್ಯ ಮಾತು. ಹಡಗಿನ ತಳದಲ್ಲಿ ಟ್ರಾನ್ಸ್‌ಡ್ಯೂಸರ್ ಎಂಬ ಬಿಲ್ಲೆ ಇರುತ್ತದೆ. ಅದು ಒಂದು ಚಿಕ್ಕ ಶಬ್ದದ ತುಣುಕನ್ನು ಕೆಳಗೆ ಕಳಿಸುತ್ತದೆ. ಶಬ್ದ ತಳಕ್ಕೆ ತಾಗಿ ಹಿಂದಿರುಗಿದಾಗ ಅದೇ ಬಿಲ್ಲೆ ಅದನ್ನು ಕೇಳಿಸಿಕೊಳ್ಳುತ್ತದೆ. ಹೋಗಿ ಬರಲು ತೆಗೆದುಕೊಂಡ ಸಮಯವನ್ನು ಶಬ್ದದ ವೇಗದಿಂದ ಗುಣಿಸಿ, ಎರಡರಿಂದ ಭಾಗಿಸಿದರೆ ದೂರ ಸಿಗುತ್ತದೆ.

ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಟ್ರಾನ್ಸ್‌ಡ್ಯೂಸರ್‌ನಿಂದ ತಳ 15 ಮೀಟರ್ ಇದ್ದರೆ ಶಬ್ದ 30 ಮೀಟರ್ ಓಡಬೇಕು. ಅದಕ್ಕೆ ಬೇಕಾಗುವುದು 0.02 ಸೆಕೆಂಡ್. ತಳ 3 ಮೀಟರ್ ಇದ್ದರೆ 0.004 ಸೆಕೆಂಡ್. ಇಷ್ಟು ಸಣ್ಣ ಕಾಲವನ್ನು ಅಳೆಯಬಲ್ಲ ಸಾಧನ ಬೇಕಾದ್ದರಿಂದಲೇ ಈ ಯಂತ್ರ ಬರಲು ಇಪ್ಪತ್ತನೇ ಶತಮಾನದವರೆಗೆ ಕಾಯಬೇಕಾಯಿತು.

ನೀರಿನಲ್ಲಿ ಶಬ್ದದ ವೇಗವನ್ನು 1826ರಲ್ಲೇ ಜಿನೀವಾ ಸರೋವರದಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಅಳೆದಿದ್ದರು. ನೀರಿನೊಳಗೆ ಗಂಟೆ ಬಾರಿಸಿ, ದೂರದ ದೋಣಿಯಿಂದ ಕೇಳಿಸಿಕೊಂಡು ಅವರು ಪಡೆದ ಬೆಲೆ ಸೆಕೆಂಡಿಗೆ 1435 ಮೀಟರ್. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹಿಮಗಡ್ಡೆಗಳನ್ನು ದೂರದಿಂದಲೇ ಪತ್ತೆ ಹಚ್ಚುವ ದಾರಿಗಾಗಿ ಹಲವರು ಹುಡುಕತೊಡಗಿದರು. ಜರ್ಮನಿಯ ಅಲೆಕ್ಸಾಂಡರ್ ಬೆಮ್ ಅವರಲ್ಲೊಬ್ಬರು. ಹಿಮಗಡ್ಡೆಗಿಂತ ಸಮುದ್ರದ ತಳವೇ ಪ್ರತಿಧ್ವನಿಯನ್ನು ಚೆನ್ನಾಗಿ ಕೊಡುತ್ತದೆ ಎಂಬುದು ಅವರಿಗೆ ಗೊತ್ತಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲ್ಯಾಂಜೆವಿನ್ ಕ್ವಾರ್ಟ್ಜ್ ಹರಳಿನಿಂದ ನೀರಿನೊಳಗೆ ಶ್ರವಣಾತೀತ ಶಬ್ದ ಹೊರಡಿಸಿದರು. ಇಂದಿನ ಟ್ರಾನ್ಸ್‌ಡ್ಯೂಸರ್‌ಗಳಲ್ಲಿ ಕ್ವಾರ್ಟ್ಜ್ ಬದಲು ವಿಶೇಷ ಪಿಂಗಾಣಿಯ ಬಿಲ್ಲೆ ಇರುತ್ತದೆ; ತತ್ವ ಅದೇ.

ಅಂದರೆ ಯಂತ್ರಕ್ಕೆ ತಾನಾಗಿ ಗೊತ್ತಿರುವುದು ಸಮಯ ಒಂದೇ. ಶಬ್ದದ ವೇಗ ಎಷ್ಟು, ಎಲ್ಲಿಂದ ಅಳೆಯಬೇಕು, ಯಾವ ಮಾನದಲ್ಲಿ ತೋರಿಸಬೇಕು ಎಂಬುದನ್ನೆಲ್ಲ ಯಾರೋ ಮೊದಲೇ ತೀರ್ಮಾನಿಸಿ ಅದರಲ್ಲಿ ಇಟ್ಟಿರುತ್ತಾರೆ. ಹೊಸ ಯಂತ್ರ ಕೊಂಡರೆ ಆ ತೀರ್ಮಾನ ನಮ್ಮದು. ಹಳೆಯ ಹಡಗಿನ ಜೊತೆ ಬಂದ ಯಂತ್ರದಲ್ಲಿ ಅದು ಹಿಂದಿನ ಮಾಲೀಕನದು. ಅವನು ಏನು ತೀರ್ಮಾನಿಸಿದ್ದ ಎಂದು ಪತ್ತೆ ಹಚ್ಚದೆ ಅಂಕಿಯನ್ನು ನಂಬಬಾರದು.

ಹಳೆಯ ಯಂತ್ರದ ಜಾತಿ ಗುರುತಿಸುವುದು

ಹಳೆಯ ಹಡಗು, ದೋಣಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಆಳಮಾಪಕಗಳು ಸಿಗುತ್ತವೆ.

ಒಂದನೆಯದು ಮಿನುಗುವ ದುಂಡು ಮುಖದ್ದು. ಗಡಿಯಾರದಂತಹ ಮುಖದ ಹಿಂದೆ ಒಂದು ಕಡ್ಡಿ ಮೋಟಾರಿನಿಂದ ಸುತ್ತುತ್ತದೆ. ಅದರ ತುದಿಯಲ್ಲಿ ಪುಟ್ಟ ದೀಪ. ಕಡ್ಡಿ ಸೊನ್ನೆಯ ಮೇಲೆ ಬಂದಾಗ ಶಬ್ದ ಹೊರಡುತ್ತದೆ, ಪ್ರತಿಧ್ವನಿ ಬಂದಾಗ ದೀಪ ಮಿನುಗುತ್ತದೆ. ದೀಪ ಎಲ್ಲಿ ಮಿನುಗಿತೋ ಅದೇ ಆಳ. ಪೂರ್ತಿ ಸುತ್ತು 30 ಮೀಟರ್ ಎಂದಿದ್ದರೆ, ಶಬ್ದ 60 ಮೀಟರ್ ಓಡುವ 0.04 ಸೆಕೆಂಡಿನಲ್ಲಿ ಕಡ್ಡಿ ಸರಿಯಾಗಿ ಒಂದು ಸುತ್ತು ಹಾಕಬೇಕು. ಅಂದರೆ ನಿಮಿಷಕ್ಕೆ 1500 ಸುತ್ತು. ಮೋಟಾರು ಶೇ. 10ರಷ್ಟು ಬೇಗ ತಿರುಗಿದರೆ 5 ಮೀಟರ್ ಇರುವ ನೀರನ್ನು 5.5 ಎಂದು ತೋರಿಸುತ್ತದೆ. ಇಲ್ಲದ ನೀರನ್ನು ಇದೆ ಎನ್ನುವ ಈ ತಪ್ಪೇ ಅಪಾಯದ್ದು.

ಎರಡನೆಯದು ಕಾಗದದ ಸುರುಳಿಯ ಯಂತ್ರ. ಸೂಜಿಯೊಂದು ವಿಶೇಷ ಕಾಗದವನ್ನು ಸುಟ್ಟು ಗೆರೆ ಎಳೆಯುತ್ತಾ ಹೋಗುತ್ತದೆ. ಸಮುದ್ರದ ತಳದ ಏರುಇಳಿತ ಕಾಗದದ ಮೇಲೆ ಮೂಡುತ್ತದೆ. ಯಂತ್ರ ಚೆನ್ನಾಗಿದ್ದರೂ ಕಾಗದ ಸಿಗದಿದ್ದರೆ ಅದು ಉಪಯೋಗವಿಲ್ಲ.

ಮೂರನೆಯದು ಹಳೆಯ ಟಿ.ವಿ.ಯ ಹಾಗೆ ಗಾಜಿನ ಕೊಳವೆಯ ಬಣ್ಣದ ಪರದೆ ಇರುವುದು. ತೂಕ ಹೆಚ್ಚು, ವಿದ್ಯುತ್ತೂ ಹೆಚ್ಚು ಬೇಕು. ನಾಲ್ಕನೆಯದು ಕ್ಯಾಲ್ಕುಲೇಟರಿನಂತೆ ಅಂಕಿ ತೋರಿಸುವ ಚಿಕ್ಕ ಪೆಟ್ಟಿಗೆ. ಮಾಮುವಿನ ಮಂಜಿಯಲ್ಲಿದ್ದದ್ದು ಇದೇ. ಬಿಸಿಲಿಗೆ ಪರದೆಯ ಒಂದು ಬದಿ ಕಪ್ಪಾಗಿತ್ತು. ಅಂಕಿ ಕಾಣುತ್ತಿತ್ತು, ಅಂಕಿಯ ಪಕ್ಕದಲ್ಲಿ ಮೀಟರೋ ಅಡಿಯೋ ಎಂದು ತೋರಿಸುವ ಭಾಗ ಸತ್ತಿತ್ತು.

ಬಿಚ್ಚುವ ಮುಂಚೆ

ಯಾವುದನ್ನೂ ಬಿಚ್ಚುವ ಮುಂಚೆ ಎಲ್ಲದರ ಫೋಟೋ ತೆಗೆಯಬೇಕು ಎಂದು ಮೆಕ್ಯಾನಿಕ್ ಮೊದಲೇ ಹೇಳಿದರು. ಅವರು ನೋಡುತ್ತಾ ಹೋದ ಕ್ರಮ ಹೀಗಿತ್ತು.

ಮೊದಲು ಪೆಟ್ಟಿಗೆಯ ಹಿಂದಿನ ಫಲಕ. ಮಾದರಿ ಸಂಖ್ಯೆ, ಎಷ್ಟು ವೋಲ್ಟ್, ಯಾವ ಆವೃತ್ತಿ, ಎಷ್ಟು ವ್ಯಾಟ್ ಎಂಬುದು ಅಲ್ಲಿರುತ್ತದೆ. ನಮ್ಮದರಲ್ಲಿ 200 ಕಿಲೋಹರ್ಟ್ಸ್ ಎಂದು ಓದಲು ಬರುತ್ತಿತ್ತು.

ಎರಡನೆಯದು ಕೇಬಲ್. ಪೆಟ್ಟಿಗೆಯಿಂದ ಹೊರಟ ಕೇಬಲನ್ನು ಕೈಯಲ್ಲಿ ಹಿಡಿದುಕೊಂಡೇ ಟ್ರಾನ್ಸ್‌ಡ್ಯೂಸರ್‌ವರೆಗೆ ಹೋಗಬೇಕು. ಬಣ್ಣ ಒಂದೇ ಇದೆ ಎಂದು ಊಹಿಸಬಾರದು. ಮಂಜಿಯ ತಳದಲ್ಲಿ ನಮಗೆ ಒಂದಲ್ಲ, ಎರಡು ಟ್ರಾನ್ಸ್‌ಡ್ಯೂಸರ್ ಸಿಕ್ಕಿದವು. ಒಂದರ ಕೇಬಲ್ ಒಳಗೇ ತುಂಡಾಗಿ ಬಿದ್ದಿತ್ತು. ಚುಕ್ಕಾಣಿ ಕೋಣೆಯ ಗೋಡೆಯ ಮೇಲೆ ಹಳೆಯ ಸ್ಕ್ರೂ ತೂತುಗಳು ಇದ್ದವು. ಈ ಪೆಟ್ಟಿಗೆಗಿಂತ ಹಿಂದೆ ಇನ್ನೊಂದು ಯಂತ್ರ ಇತ್ತು, ಅದನ್ನು ತೆಗೆದವರು ತಳದ ಬಿಲ್ಲೆಯನ್ನು ಹಾಗೆಯೇ ಬಿಟ್ಟಿದ್ದಾರೆ ಎಂಬುದು ಇದರಿಂದ ತಿಳಿಯಿತು.

ಮೂರನೆಯದು ಕೇಬಲಿನ ಪಟ್ಟಿ. ಟ್ರಾನ್ಸ್‌ಡ್ಯೂಸರ್‌ನ ವಿವರ ಸಾಮಾನ್ಯವಾಗಿ ಅದರ ಕೇಬಲಿಗೆ ಸುತ್ತಿದ ಪಟ್ಟಿಯ ಮೇಲೆ ಇರುತ್ತದೆ. ಆವೃತ್ತಿ ಹೊಂದಿಕೆಯಾಗಲೇಬೇಕು. ಕಾರಣ ಅನುರಣನ. ಜೋಕಾಲಿಯನ್ನು ಅದರದೇ ಲಯದಲ್ಲಿ ತಳ್ಳಿದರೆ ಮಾತ್ರ ಜೋರಾಗಿ ತೂಗುತ್ತದೆ. ಪಿಂಗಾಣಿ ಬಿಲ್ಲೆಯೂ ಹಾಗೆಯೇ: ಅದರ ದಪ್ಪಕ್ಕೆ ತಕ್ಕ ಒಂದು ಸಹಜ ಆವೃತ್ತಿ ಇದೆ. 150 ಕಿಲೋಹರ್ಟ್ಸ್‌ನ ಬಿಲ್ಲೆಗೆ 200 ಕಿಲೋಹರ್ಟ್ಸ್‌ನ ಪೆಟ್ಟಿಗೆ ಜೋಡಿಸಿದರೆ ಅದು ಸರಿಯಾಗಿ ಕೂಗುವುದೂ ಇಲ್ಲ, ಕೇಳಿಸಿಕೊಳ್ಳುವುದೂ ಇಲ್ಲ. ಪ್ಲಗ್ಗಿನ ಆಕಾರ ಹೊಂದಿತು ಎಂದ ಮಾತ್ರಕ್ಕೆ ಯಂತ್ರ ಹೊಂದಿತು ಎಂದಲ್ಲ. ಪಟ್ಟಿ ಓದಲಾಗದಿದ್ದರೆ ಆ ಬಿಲ್ಲೆಯನ್ನು ಹೊಸ ಪೆಟ್ಟಿಗೆಗೆ ಜೋಡಿಸುವ ಯೋಚನೆ ಬಿಡುವುದೇ ಒಳ್ಳೆಯದು.

ಆವೃತ್ತಿಯಿಂದ ಇನ್ನೊಂದು ವಿಷಯವೂ ನಿರ್ಧಾರವಾಗುತ್ತದೆ. 200 ಕಿಲೋಹರ್ಟ್ಸ್ ಶಬ್ದದ ತರಂಗದೂರ 7.5 ಮಿಲಿಮೀಟರ್, 50 ಕಿಲೋಹರ್ಟ್ಸ್‌ನದು 30 ಮಿಲಿಮೀಟರ್. ಹೆಚ್ಚಿನ ಆವೃತ್ತಿಯ ಶಬ್ದ ಕಿರಿದಾದ ಶಂಕುವಾಗಿ ಇಳಿಯುತ್ತದೆ, ಚಿಕ್ಕ ವಿವರ ತೋರಿಸುತ್ತದೆ, ಆದರೆ ನೀರು ಅದನ್ನು ಬೇಗ ಹೀರಿಬಿಡುತ್ತದೆ. ಕಡಿಮೆ ಆವೃತ್ತಿಯದು ಹೆಚ್ಚು ಆಳಕ್ಕೆ ಹೋಗುತ್ತದೆ, ಆದರೆ ಹರಡಿಕೊಳ್ಳುತ್ತದೆ. ಶಂಕುವಿನ ಕೋನ 12 ಡಿಗ್ರಿ ಇದ್ದರೆ 20 ಮೀಟರ್ ಕೆಳಗೆ ಅದು ಸುಮಾರು 4 ಮೀಟರ್ ಅಗಲದ ಜಾಗವನ್ನು ನೋಡುತ್ತದೆ. 45 ಡಿಗ್ರಿ ಇದ್ದರೆ 16 ಮೀಟರಿಗೂ ಹೆಚ್ಚು. ಮಂಜಿಗೆ ಆಳದ ಚಿಂತೆ ಇರುವುದು ದಡದ ಹತ್ತಿರ ಮತ್ತು ದ್ವೀಪದ ಬಾಯಲ್ಲಿ. ಅದಕ್ಕೆ 200 ಕಿಲೋಹರ್ಟ್ಸ್ ಸಾಕು.

ಪರದೆಯ ಮೇಲಿನ "2.0"

ಈಗ ನಿಜವಾದ ಪತ್ತೇದಾರಿ. ಮಂಜಿ ಖಾಲಿಯಾಗಿ ಗುರುಪುರ ನದಿಯ ದಕ್ಕೆಯಲ್ಲಿ ನಿಂತಿತ್ತು. ಯಂತ್ರ ಹಾಕಿದರೆ ಪರದೆ 2.0 ತೋರಿಸಿತು. ಎರಡು ಏನು? ಎಲ್ಲಿಂದ?

ಇದಕ್ಕೆ ಉತ್ತರ ಕೊಟ್ಟದ್ದು ಸಾವಿರಾರು ವರ್ಷ ಹಳೆಯ ಸಾಧನ: ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು. ತಂಡೇಲರು ಅದನ್ನು ಟ್ರಾನ್ಸ್‌ಡ್ಯೂಸರ್ ಇರುವ ಜಾಗದ ಪಕ್ಕದಲ್ಲಿ ನೇರವಾಗಿ ಇಳಿಬಿಟ್ಟರು. ಗುಂಡು ನೆಲ ಮುಟ್ಟಿದಾಗ ಹಗ್ಗ ಸಡಿಲವಾಯಿತು. ನೀರಿನ ಮಟ್ಟದಲ್ಲಿ ಗುರುತು ಹಿಡಿದು ಟೇಪಿನಿಂದ ಅಳೆದರೆ 5 ಮೀಟರ್. ಟ್ರಾನ್ಸ್‌ಡ್ಯೂಸರ್ ನೀರಿನ ಮಟ್ಟಕ್ಕಿಂತ 1.4 ಮೀಟರ್ ಕೆಳಗಿತ್ತು. ಕಳೆದರೆ ಉಳಿಯುವುದು 3.6 ಮೀಟರ್. ಪರದೆ ಹೇಳುವುದು 2. ಅಡಿಯಾಗಿದ್ದರೆ 12ರ ಹತ್ತಿರ ಇರಬೇಕಿತ್ತು, ಮೀಟರ್ ಆಗಿದ್ದರೆ 3.6.

"ಅದು ಮಾರಿನಲ್ಲಿದೆ" ಎಂದರು ತಂಡೇಲರು.

ಮಾರು ಎಂದರೆ ಎರಡೂ ತೋಳು ಚಾಚಿದಷ್ಟು ಉದ್ದ. ನಮ್ಮ ಊರಿನ ಹೂವಾಡಗಿತ್ತಿಯರು ಮೊಳ, ಮಾರು ಎಂದು ಅಳೆದು ಕೊಡುವುದನ್ನು ನೀವು ನೋಡಿದ್ದೀರಿ. ಹಗ್ಗ ಎಳೆಯುವಾಗ ತೋಳು ಚಾಚಿ ಎಣಿಸುವುದು ಸುಲಭವಾದ್ದರಿಂದ ಸಮುದ್ರದವರಿಗೂ ಅದೇ ಅಳತೆ ಒಗ್ಗಿತು. ಇಂಗ್ಲಿಷಿನವರ ಫ್ಯಾದಮ್ ಕೂಡ ಇದೇ. ಅದನ್ನು 6 ಅಡಿ, ಅಂದರೆ 1.83 ಮೀಟರ್ ಎಂದು ನಿಗದಿ ಮಾಡಿದ್ದಾರೆ. 3.6ನ್ನು 1.83ರಿಂದ ಭಾಗಿಸಿದರೆ 1.97. ಪರದೆ ಅದನ್ನು 2.0 ಎಂದು ತೋರಿಸುತ್ತಿತ್ತು. ಹಿಂದಿನ ಮಾಲೀಕರು ಯಂತ್ರವನ್ನು ಫ್ಯಾದಮ್‌ಗೆ ಇಟ್ಟಿದ್ದರು, ಟ್ರಾನ್ಸ್‌ಡ್ಯೂಸರ್‌ನಿಂದ ಅಳೆಯುವಂತೆ ಬಿಟ್ಟಿದ್ದರು ಎಂಬ ಎರಡು ಸಂಗತಿಗಳೂ ಒಂದೇ ಲೆಕ್ಕದಲ್ಲಿ ಹೊರಬಂದವು.

"ಎಲ್ಲಿಂದ" ಎಂಬ ಪ್ರಶ್ನೆ ನಮ್ಮ ಪ್ರಯೋಗಾಲಯದ ಶೂನ್ಯ ದೋಷವೇ. ವರ್ನಿಯರ್ ಕ್ಯಾಲಿಪರ್ಸ್‌ನ ಸೊನ್ನೆ ಸರಿಯಾಗಿ ಕೂಡದಿದ್ದರೆ ನಾವು ತಿದ್ದುಪಡಿ ಕಳೆಯುತ್ತೇವಲ್ಲ, ಹಾಗೆ. ಆ ಮಂಜಿಯ ತಳದ ಮರ ಟ್ರಾನ್ಸ್‌ಡ್ಯೂಸರ್‌ಗಿಂತ 0.6 ಮೀಟರ್ ಕೆಳಗಿದೆ. ಒಂದೇ ಜಾಗದ ಒಂದೇ ನೀರಿಗೆ ಮೂರು ಸರಿಯಾದ ಉತ್ತರಗಳಿವೆ: ನೀರಿನ ಮೇಲ್ಮೈಯಿಂದ 5 ಮೀಟರ್, ಟ್ರಾನ್ಸ್‌ಡ್ಯೂಸರ್‌ನಿಂದ 3.6 ಮೀಟರ್, ಹಡಗಿನ ತಳದಿಂದ 3 ಮೀಟರ್. ಯಾವುದು ಎಂದು ಗೊತ್ತಿಲ್ಲದಿದ್ದರೆ ಮೂರೂ ಅಪಾಯವೇ.

ಏನನ್ನು ಬದಲಿಸಬೇಕು?

ಪೆಟ್ಟಿಗೆ ಬದಲಿಸುವುದು ಅರ್ಧ ಗಂಟೆಯ ಕೆಲಸ. ಟ್ರಾನ್ಸ್‌ಡ್ಯೂಸರ್ ಬದಲಿಸಲು ಹಡಗನ್ನು ನೀರಿನಿಂದ ಮೇಲೆ ತರಬೇಕು. ಆದ್ದರಿಂದ ಹಳೆಯ ಟ್ರಾನ್ಸ್‌ಡ್ಯೂಸರ್ ಉಳಿಸಿಕೊಂಡು ಪೆಟ್ಟಿಗೆ ಮಾತ್ರ ಬದಲಿಸುವ ಆಸೆ ಎಲ್ಲರಿಗೂ ಇರುತ್ತದೆ. ಆವೃತ್ತಿ, ವ್ಯಾಟ್, ತಂತಿಗಳ ಜೋಡಣೆ ಮೂರೂ ಹೊಸ ಪೆಟ್ಟಿಗೆಗೆ ಹೊಂದಿದರೆ ಹಾಗೆ ಮಾಡಬಹುದು.

ಮಂಜಿಯನ್ನು ಮಳೆಗಾಲಕ್ಕಾಗಿ ದಡಕ್ಕೆ ಎಳೆದ ಮೇಲೆ ನಮಗೆ ಬೇರೆಯೇ ಕಾರಣ ಸಿಕ್ಕಿತು. ಕೆಲಸ ಮಾಡುತ್ತಿದ್ದ ಟ್ರಾನ್ಸ್‌ಡ್ಯೂಸರ್‌ನ ಹೊರಕವಚ ಪ್ಲಾಸ್ಟಿಕ್ಕಿನದು. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಮರ ನೀರು ಕುಡಿದಾಗ ಉಬ್ಬುತ್ತದೆ. ಉಬ್ಬಿದ ಹಲಗೆ ತನ್ನ ತೂತಿನಲ್ಲಿರುವ ಪ್ಲಾಸ್ಟಿಕನ್ನು ಹಿಸುಕುತ್ತದೆ. ಅದು ಒಡೆದರೆ ಹಡಗಿನ ತಳದಲ್ಲಿ ತೂತು ಬಿದ್ದಂತೆಯೇ. ಆದ್ದರಿಂದ ಮರದ ಹಡಗಿಗೆ ಕಂಚಿನ ಕವಚ ಹಾಕುತ್ತಾರೆ. ಉಕ್ಕಿನ ಅಥವಾ ಅಲ್ಯೂಮಿನಿಯಂ ಹಡಗಿಗೆ ಕಂಚು ಸಲ್ಲದು. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಸೇರಿದರೆ ವಿದ್ಯುತ್ಕೋಶವಾಗಿ ಹಡಗಿನ ಲೋಹ ಸವೆಯುತ್ತದೆ. ನಮ್ಮ ರಸಾಯನಶಾಸ್ತ್ರದ ವಿದ್ಯುತ್ ರಸಾಯನ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಫೈಬರ್ ದೋಣಿಗಳಲ್ಲಿ ತೂತು ಕೊರೆಯದೆ ಒಳಗಿನಿಂದಲೇ ಬಿಲ್ಲೆ ಅಂಟಿಸುವ ದಾರಿಯೂ ಇದೆ. ಮರ ಶಬ್ದವನ್ನು ಹೀರಿಕೊಳ್ಳುವುದರಿಂದ ಮಂಜಿಗೆ ಅದು ಆಗುವುದಿಲ್ಲ.

ಹೀಗಾಗಿ ಎರಡನ್ನೂ ಬದಲಿಸುವುದೆಂದು ತೀರ್ಮಾನವಾಯಿತು. ಹಳೆಯ ಅನಾಥ ಬಿಲ್ಲೆಯನ್ನು ಬಡಗಿಗಳು ತೆಗೆದು, ಆ ತೂತಿಗೆ ಮರ ಕೂಡಿಸಿ, ಸಂದಿಗೆ ಹತ್ತಿ ನೂಲು ತುರುಕಿ ಮುಚ್ಚಿದರು. ಹೊಸ ಕಂಚಿನ ಟ್ರಾನ್ಸ್‌ಡ್ಯೂಸರ್ ಕೂರಿಸುವಾಗ ಗಮನಿಸಿದ ಅಂಶಗಳು ಇವು:

ಜಾಗ: ಪ್ರೊಪೆಲ್ಲರಿನಿಂದ ದೂರ, ಅದಕ್ಕಿಂತ ಮುಂದೆ. ಗುಳ್ಳೆಗಳು ಬಿಲ್ಲೆಯ ಮುಖದ ಕೆಳಗೆ ಹಾಯಬಾರದು. ನೀರಿನೊಳಗಿನ ಗಾಳಿಗುಳ್ಳೆ ಶಬ್ದಕ್ಕೆ ಗೋಡೆಯಿದ್ದಂತೆ.

ಮಟ್ಟ: ಹಡಗಿನ ತಳ ಇಳಿಜಾರಾಗಿರುತ್ತದೆ. ಬಿಲ್ಲೆ ಓರೆಯಾಗಿ ಕೂತರೆ ಶಬ್ದವೂ ಓರೆಯಾಗಿ ಹೋಗಿ, ದೂರ ಹೆಚ್ಚಾಗಿ ಕಾಣುತ್ತದೆ. ಅದಕ್ಕೆ ಇಳಿಜಾರಿಗೆ ತಕ್ಕಂತೆ ಕೆತ್ತಿದ ಮರದ ತುಂಡನ್ನು ನಡುವೆ ಇಟ್ಟು ಮುಖವನ್ನು ಸಮತಟ್ಟು ಮಾಡುತ್ತಾರೆ.

ಕೇಬಲ್: ಬಿಲ್ಲೆಯನ್ನು ಕೇಬಲಿನಿಂದ ಹಿಡಿದು ಎತ್ತಬಾರದು. ಕೇಬಲನ್ನು ಆಲ್ಟರ್ನೇಟರಿನ ತಂತಿಗಳ ಪಕ್ಕದಲ್ಲಿ ಎಳೆಯಬಾರದು. ಅದರ ವಿದ್ಯುತ್ ಗದ್ದಲ ಪರದೆಯ ಮೇಲೆ ಸುಳ್ಳು ಪ್ರತಿಧ್ವನಿಯಾಗಿ ಕಾಣುತ್ತದೆ.

ಮುಖ: ಚಿಪ್ಪುಹುಳು ಕಟ್ಟದಂತೆ ಮುಖಕ್ಕೆ ನೀರಿನಲ್ಲಿ ಕಲಸುವ ಬಗೆಯ ವಿಶೇಷ ಬಣ್ಣ ತೆಳುವಾಗಿ ಹಚ್ಚಬೇಕು. ಕೆಲವು ಬಣ್ಣಗಳಲ್ಲಿರುವ ದ್ರಾವಕ ಪ್ಲಾಸ್ಟಿಕ್ ಮುಖವನ್ನು ತಿನ್ನುತ್ತದೆ.

ತಂಡೇಲರ ನೋಟ್‌ಬುಕ್

ಯಂತ್ರ ಬಂತು. ಈಗ ಅದನ್ನು ಯಾವ ಮಾನಕ್ಕೆ ಇಡಬೇಕು? ಮಾಮುವಿಗೆ ಮೀಟರ್ ಬೇಕು. ಈಗಿನ ಸಮುದ್ರ ನಕ್ಷೆಗಳಲ್ಲಿ ಆಳ ಮೀಟರಿನಲ್ಲಿದೆ, ಹೊಸ ಹುಡುಗರಿಗೂ ಅದೇ ಗೊತ್ತು. ತಂಡೇಲರು ಒಪ್ಪಲಿಲ್ಲ. ಅವರು ಹಿಂದಿನ ಮಾಲೀಕರ ಕಾಲದಿಂದಲೂ ಅದೇ ಮಂಜಿಯಲ್ಲಿದ್ದವರು. ಅವರ ಬಳಿ ಒಂದು ನೋಟ್‌ಬುಕ್ ಇತ್ತು. ಯಾವ ದ್ವೀಪದ ಬಾಯಲ್ಲಿ ಎಷ್ಟು ತೋರಿಸಿದರೆ ಸರಿ ಎಂಬ ಅಂಕಿಗಳು ಅದರಲ್ಲಿದ್ದವು, ಎಲ್ಲವೂ ಹಳೆಯ ಯಂತ್ರದ ಮಾರಿನಲ್ಲಿ. "ಪರದೇಲಿ ಮೂರು ಕಂಡರೆ ನಾನು ದಾರೀಲಿ ಇದ್ದೇನೆ ಅಂತ. ನೀವು ಮಷಿನ್ ಬದಲಿಸಿದರೆ ನನ್ನ ಮೂರು ಎಲ್ಲಿಗೆ ಹೋಗುತ್ತೆ?" ಎಂದರು.

ಅವರ ಪ್ರಶ್ನೆ ಎಷ್ಟು ಸರಿ ಎಂದು ಲೆಕ್ಕ ಹಾಕಿದಾಗ ಗೊತ್ತಾಯಿತು. ಹಳೆಯ ಯಂತ್ರದ 3 ಎಂದರೆ ಟ್ರಾನ್ಸ್‌ಡ್ಯೂಸರ್‌ನಿಂದ ಕೆಳಗೆ 5.5 ಮೀಟರ್. ಹೊಸ ಯಂತ್ರವನ್ನು ಹಡಗಿನ ತಳದಿಂದ ಮೀಟರಿನಲ್ಲಿ ಅಳೆಯುವಂತೆ ಇಟ್ಟರೆ ಅದೇ ಜಾಗದಲ್ಲಿ ಅದು 4.9 ತೋರಿಸಬೇಕು. ಅಭ್ಯಾಸಬಲದಿಂದ 3.0 ನೋಡಿ "ಸರಿಯಾಗಿದೆ" ಎಂದುಕೊಂಡರೆ, ಹಡಗು ಸರಿಯಾದ ದಾರಿಗಿಂತ ಸುಮಾರು 1.9 ಮೀಟರ್ ಕಡಿಮೆ ಆಳದ ಕಡೆಗೆ, ಅಂದರೆ ಹವಳದ ಕಡೆಗೆ ಸರಿದಿದೆ ಎಂದರ್ಥ. ಪೆಟ್ಟಿಗೆಯನ್ನು ಗೋಡೆಯಿಂದ ತೆಗೆದರೂ ಹಳೆಯ ಯಂತ್ರ ಅದನ್ನು ಓದುತ್ತಿದ್ದವರ ತಲೆಯಲ್ಲಿ ಇನ್ನೂ ಉಳಿದಿರುತ್ತದೆ. ಅದನ್ನೂ ಬದಲಿಸದಿದ್ದರೆ ಕೆಲಸ ಮುಗಿದಿಲ್ಲ.

ನನಗೆ ಸಿಕ್ಕಿದ ಕೆಲಸ ಅದೇ. ತಂಡೇಲರು ಓದುತ್ತಾ ಹೋದರು, ನಾನು ಪ್ರತಿ ಅಂಕಿಯನ್ನೂ 1.83ರಿಂದ ಗುಣಿಸಿ, 0.6 ಕಳೆದು, ಹೊಸ ಅಂಕಿಯನ್ನು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಪ್ರತಿ ಪುಟದ ತಲೆಯಲ್ಲಿ "ಮೀಟರ್, ತಳದಿಂದ" ಎಂದು ಬರೆದೆವು. ಪರದೆಯ ಕೆಳಗೂ ಅದೇ ಎರಡು ಪದಗಳ ಚೀಟಿ ಅಂಟಿಸಿದೆವು.

ನೀರಿನ ಮೇಲ್ಮೈಯಿಂದ ಅಳೆಯುವಂತೆ ಇಡದೆ ತಳದಿಂದ ಇಟ್ಟದ್ದಕ್ಕೂ ಕಾರಣವಿದೆ. ಸರಕು ತುಂಬಿದಾಗ ಮಂಜಿ ಹೆಚ್ಚು ಮುಳುಗುತ್ತದೆ, ಖಾಲಿಯಾದಾಗ ಮೇಲೇಳುತ್ತದೆ. ಹಾಗಾಗಿ ಮೇಲ್ಮೈಯಿಂದ ಟ್ರಾನ್ಸ್‌ಡ್ಯೂಸರ್‌ಗಿರುವ ಅಂತರ ಪ್ರತಿ ಪ್ರಯಾಣಕ್ಕೂ ಬೇರೆ. ಟ್ರಾನ್ಸ್‌ಡ್ಯೂಸರ್‌ನಿಂದ ತಳದ ಮರಕ್ಕಿರುವ 0.6 ಮೀಟರ್ ಮಾತ್ರ ಎಂದಿಗೂ ಬದಲಾಗುವುದಿಲ್ಲ. ತಿದ್ದುಪಡಿಗೆ ಬದಲಾಗದ ಅಂಕಿಯನ್ನೇ ಆರಿಸಿಕೊಳ್ಳಬೇಕು.

ಪರೀಕ್ಷೆ

ಮಳೆಗಾಲ ಮುಗಿದು ಮಂಜಿ ನೀರಿಗಿಳಿದ ಮೇಲೆ, ಅಕ್ಟೋಬರಿನ ಮಧ್ಯಂತರ ರಜೆಯಲ್ಲಿ ನಾನು ಮತ್ತೆ ಹೋಗಿದ್ದೆ. ದಕ್ಕೆಯಲ್ಲಿ ಸೀಸದ ಗುಂಡು 5.4 ಮೀಟರ್ ಎಂದಿತು. ಖಾಲಿ ಮಂಜಿಯ ತಳ ನೀರಿನ ಮಟ್ಟದಿಂದ 2 ಮೀಟರ್ ಕೆಳಗಿದೆ. ಪರದೆ 3.4 ತೋರಿಸಬೇಕು, 3.4 ತೋರಿಸಿತು. ಒಂದೇ ಜಾಗದಲ್ಲಿ ಸರಿಬಂದರೆ ಸಾಲದೆಂದು ಇನ್ನೆರಡು ಬೇರೆ ಆಳಗಳಲ್ಲೂ ನೋಡಿದೆವು. ಎಂಜಿನ್ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ ಅಳೆದೆವು.

ಎರಡು ಎಚ್ಚರಿಕೆಗಳು ಉಳಿದವು. ಮೊದಲನೆಯದು ಶಬ್ದದ ವೇಗ. 30 ಡಿಗ್ರಿಯ ಉಪ್ಪುನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1545 ಮೀಟರ್. ಯಂತ್ರ 1500 ಎಂದು ಲೆಕ್ಕ ಹಾಕುತ್ತಿದ್ದರೆ 10 ಮೀಟರನ್ನು 9.7 ಎಂದು ತೋರಿಸುತ್ತದೆ. ಇರುವುದಕ್ಕಿಂತ ಕಡಿಮೆ ತೋರಿಸುವ ಈ ತಪ್ಪಿನಿಂದ ಹಡಗಿಗೆ ಹಾನಿಯಿಲ್ಲ. ಎರಡನೆಯದು ನಡುಸಮುದ್ರದ ಸುಳ್ಳು ಅಂಕಿ. ಆಳ ಯಂತ್ರದ ಶಕ್ತಿ ಮೀರಿದಾಗ, ಹಿಂದಿನ ಶಬ್ದದ ಪ್ರತಿಧ್ವನಿ ತಡವಾಗಿ ಬಂದು, ಹೊಸ ಶಬ್ದದ ಪ್ರತಿಧ್ವನಿಯೆಂದು ಎಣಿಕೆಯಾಗಬಹುದು. ಆಗ ಸಾವಿರಾರು ಅಡಿ ಆಳದಲ್ಲೂ ಪರದೆ ಕೆಲವೇ ಮೀಟರ್ ತೋರಿಸೀತು. ಇಂತಹ ಸಮಯದಲ್ಲಿ ಗಾಬರಿಯಾಗದೆ ನಕ್ಷೆ ನೋಡಬೇಕು.

ನಮ್ಮ ಕಡೆಗೆ

ಇದೆಲ್ಲ ಕರಾವಳಿಯವರ ವಿಷಯ ಎಂದುಕೊಳ್ಳಬೇಡಿ. ಅಣೆಕಟ್ಟುಗಳಲ್ಲಿ ಎಷ್ಟು ಹೂಳು ತುಂಬಿದೆ ಎಂದು ತಿಳಿಯುವುದೂ ದೋಣಿಗೆ ಆಳಮಾಪಕ ಕಟ್ಟಿ ಅಳೆದೇ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೊದಲು ಸುಮಾರು 133 ಟಿಎಂಸಿ ಇದ್ದದ್ದು ಈಗ 105.788 ಟಿಎಂಸಿ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅಂತಹ ಅಂಕಿಯ ಹಿಂದೆ ನೀರಿನ ತಳಕ್ಕೆ ಹೋಗಿ ಬಂದ ಲೆಕ್ಕವಿಲ್ಲದಷ್ಟು ಪ್ರತಿಧ್ವನಿಗಳಿವೆ. ಅಲ್ಲೂ ಸಮೀಕ್ಷೆಗೆ ಮುಂಚೆ ಗೊತ್ತಿರುವ ಆಳಕ್ಕೆ ಕಬ್ಬಿಣದ ಪಟ್ಟಿಯನ್ನು ಇಳಿಬಿಟ್ಟು ಯಂತ್ರವನ್ನು ಪರೀಕ್ಷಿಸುವ ಪದ್ಧತಿ ಇದೆ. ಬಂದರಿನ ಸೀಸದ ಗುಂಡಿನ ಕೆಲಸವೇ ಅದು.

ನಮ್ಮ ಕಾಲೇಜಿನಲ್ಲೂ ಇದನ್ನು ಮಾಡಿ ನೋಡಬಹುದು. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 40 ಕಿಲೋಹರ್ಟ್ಸ್‌ನ ಪುಟ್ಟ ಶ್ರವಣಾತೀತ ಸಂವೇದಕ ಸಿಗುತ್ತದೆ. ಅದನ್ನು ನೀರಿನ ಟ್ಯಾಂಕಿನ ಮುಚ್ಚಳದ ಕೆಳಗೆ, ಮುಖ ನೀರಿನ ಕಡೆ ಇರುವಂತೆ ಕಟ್ಟಿ. ಇಲ್ಲಿ ಶಬ್ದ ಓಡುವುದು ಗಾಳಿಯಲ್ಲಿ. 30 ಡಿಗ್ರಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ನೀರು ಮುಚ್ಚಳದಿಂದ ಒಂದೂವರೆ ಮೀಟರ್ ಕೆಳಗಿದ್ದರೆ ಪ್ರತಿಧ್ವನಿ ಬರಲು 0.0086 ಸೆಕೆಂಡ್ ಹಿಡಿಯುತ್ತದೆ. ಸಂವೇದಕ ಹೇಳಿದ್ದನ್ನು ಬರೆದುಕೊಳ್ಳಿ. ಆಮೇಲೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಸ್ಕೇಲಿನಿಂದ ಅಳೆದು ಪಕ್ಕದಲ್ಲಿ ಬರೆಯಿರಿ. ಎರಡಕ್ಕೂ ಎಷ್ಟು ವ್ಯತ್ಯಾಸ ಬಂತು, ಅದು ವೇಗದಿಂದ ಬಂತೋ, ಸಂವೇದಕವನ್ನು ಕಟ್ಟಿದ ಜಾಗದಿಂದ ಬಂತೋ ಎಂದು ಹುಡುಕಿ. ಭೌತಶಾಸ್ತ್ರ ವಿಭಾಗದ ಸರ್ ಇದಕ್ಕೆ ಒಪ್ಪಿದ್ದಾರೆ. ಬರಲು ಇಷ್ಟವಿರುವವರು ಗುರುವಾರ ಕೊನೆಯ ಅವಧಿ ಮುಗಿದ ಮೇಲೆ ಪ್ರಯೋಗಾಲಯದ ಬಳಿ ಸೇರಿ. ದಾರ ಮತ್ತು ಸ್ಕೇಲು ನಾನು ತರುತ್ತೇನೆ.